ಮೊದಲ ಕುತ್ತಿಗೆ

ಇಳಕಲ್ಲಿನ ಆಸಿಫನನ್ನು ಯಾರಾದರೂ ಇಲ್ಲಿಯವರೆಗೆ ಏನೇನು ಕೆಲಸ ಮಾಡಿದೆಯಪ್ಪಾ ಎಂದು ಕೇಳಿದರೆ, ಉತ್ತರ ಕೊಡುವ ಮೊದಲು ಅವನು ಅಂಗಿಯ ತೋಳು ಮಡಚುತ್ತಿದ್ದ. ಬೇರೆಯವರು ತಮ್ಮ ಅನುಭವವನ್ನು ಟೈಪು ಮಾಡಿಸಿ, ಲ್ಯಾಮಿನೇಶನ್ ಹೊಡೆಸಿ ಇಟ್ಟುಕೊಂಡಿರುತ್ತಾರೆ. ಆಸಿಫನದು ಮೈಮೇಲೆಯೇ ಇತ್ತು. ಯಾವ ಕೆಲಸವೂ ಅವನನ್ನು ಸುಮ್ಮನೆ ಬಿಟ್ಟುಕೊಟ್ಟಿರಲಿಲ್ಲ. ಕಚ್ಚಿ, ಸುಟ್ಟು, ಇಲ್ಲವೇ ಬಡಿದೇ ಕಳಿಸಿತ್ತು.

ನರ್ಗೀಸಳನ್ನು ಮದುವೆಗೆ ಕೇಳಲು ಅವನು ಅವಳ ಮನೆಗೆ ಹೋದ ದಿನ ಈ ಸಂಗತಿ ಅವಳ ತಾಯಿ ಹಜರತಬಿಯ ಕಣ್ಣಿಗೆ ಬೀಳದೆ ಇರಲಿಲ್ಲ. ಹಜರತಬಿ ಪಡಸಾಲೆಯಲ್ಲಿ ಕುಳಿತು ರಾಟೆ ತಿರುಗಿಸುತ್ತ ಸೀರೆಯ ನೂಲು ಸುತ್ತುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ತಲೆ ಮಾತ್ರ ಎತ್ತಿದಳು.

"ಹುಬ್ಬಿನ ಮ್ಯಾಲೆ ಏನದು?"

"ಪಾವರ್‌ಲೂಮಿಂದ್ರಿ ಖಾಲಾ. ಲಾಳಿ ಸಿಡದು ಬಡೀತು."

"ಲಾಳಿ ಮಗ್ಗದಾಗ ಓಡತೈತಿ. ನಿನ್ನ ಹಣಿಮ್ಯಾಲೆ ಯಾಕ ಬಂತು?"

"ನಾ ಬಗ್ಗಿ ನೋಡಾಕತ್ತಿದ್ನಿ."

"ಏನ್ ನೋಡಾಕ?"

"ಲಾಳಿ ಯಾಕ ಸಪ್ಪಳಾ ಮಾಡಾಕತ್ತೇತಿ ಅಂತ."

ಒಳಗಿನ ಪರದೆಯ ಹಿಂದೆ ಯಾರೋ ನಕ್ಕರು. ಆಸಿಫನಿಗೆ ಆ ನಗೆ ಗೊತ್ತಿತ್ತು.

"ಕೈ ಮ್ಯಾಲಿಂದು?"

ಅದು ಅಮೀನಗಡ. ಕರದಂಟಿನ ಅಂಗಡಿಯಲ್ಲಿ ಬೆಲ್ಲದ ಪಾಕ ತಿರುವುವ ಕೆಲಸ. ಹೊರಗೆ ಬಸ್ಸು ನಿಂತು, ಇಳಿದ ಇಬ್ಬರು ಪ್ರಯಾಣಿಕರು ಒಂದು ಡಬ್ಬಿಗಾಗಿ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡಾಗ ಆಸಿಫ ಬಿಡಿಸಲು ಹೋದ. ಸಟ್ಟುಗವನ್ನು ಕೈಯಲ್ಲೇ ಹಿಡಿದುಕೊಂಡು ಹೋದ. ಪಾಕ ಮೊಳಕೈಯವರೆಗೆ ಇಳಿದು ಅಲ್ಲಿಯೇ ಗಟ್ಟಿಯಾಯಿತು. ಕಿತ್ತಾಗ ಚರ್ಮವೂ ಅದರ ಜೊತೆ ಬಂತು. ಕಾಲಿನ ಮೀನಖಂಡದಲ್ಲಿ ಇದ್ದ ಹಲ್ಲಿನ ಗುರುತು ಬಾದಾಮಿಯದು. ಅಲ್ಲಿ ಒಂದು ಲಾಡ್ಜಿನ ಮುಂದೆ ಮಂಗ ಓಡಿಸುವ ಕಾವಲುಗಾರನಾಗಿದ್ದ. ಸೊಟ್ಟಗಾದ ಕಿರುಬೆರಳು ರಾಮಥಾಳದ ಕಡೆಯದು. ಗುತ್ತಿಗೆದಾರನೊಬ್ಬನ ಹತ್ತಿರ ಹನಿ ನೀರಾವರಿಯ ಪೈಪು ಜೋಡಿಸುತ್ತಿದ್ದಾಗ ತಪ್ಪು ವಾಲ್ವು ತಿರುವಿ, ಒಬ್ಬ ರೈತನ ಮೆಣಸಿನಕಾಯಿ ಕಣವನ್ನು ಕೆರೆ ಮಾಡಿಟ್ಟಿದ್ದ. ಆ ರೈತ ಮಾತಿಗಿಂತ ಮೊದಲು ಸಲಿಕೆಯ ಕಾವು ಎತ್ತಿಕೊಂಡ.

ಹಜರತಬಿ ಎಲ್ಲವನ್ನೂ ಕೇಳಿ ರಾಟೆ ನಿಲ್ಲಿಸಿದಳು.

"ನಿನ್ನ ನೋಡಿದ್ರ ಅಳಿಯಾ ಅನಸೂದಿಲ್ಲೋ ತಮ್ಮಾ. ಅಪಘಾತದ ಕೇಸ್ ಅನಸತೈತಿ. ಈಗ ನನ್ನ ತಮ್ಮ ಯುನೂಸನ ಮಟನ್ ಅಂಗಡ್ಯಾಗ ಅದಿಯಲಾ, ಅಲ್ಲಿ ಏನ್ ಮಾಡ್ತಿ? ಅವ ಕಡೀತಾನ, ನೀ ನೊಣಾ ಹೊಡೀತಿ?"

ಪರದೆಯ ಹಿಂದಿನ ನಗೆ ಈ ಸಲ ಸ್ವಲ್ಪ ಜೋರಾಗಿಯೇ ಕೇಳಿಸಿತು. ಆಸಿಫನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

"ಕುತಗೀನೂ ನಾನಽ ಖಾಲಾ. ರಮಜಾನದಿಂದ ಎಲ್ಲಾ ನಾನಽ ಕೊಯ್ಯಾಂವ."

"ಹೌದಾ?" ಯುನೂಸನ ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾರ ಬಕ್ರೀದ ತನಕಾ ಅದಽ ಅಂಗಡ್ಯಾಗ ನಿಂತು ತೋರಸು. ಒಂದು ಕೆಲಸಾ ಹಿಡದು ನಿಂತಿ ಅಂತ ನನ್ನ ತಮ್ಮ ಹೇಳಿದ್ರ ನಿಕಾಹ. ಅಂವಾ ಇಲ್ಲ ಅಂದ ದಿನಾ ನರ್ಗೀಸನ ಹೆಸರ ಬಾಯಾಗ ತರಬ್ಯಾಡ."

ಖರೆ ಸಂಗತಿ ಬೇರೆ ಇತ್ತು. ಯುನೂಸನ ಅಂಗಡಿಯಲ್ಲಿ ಆಸಿಫ ಚರ್ಮ ಸುಲಿಯುತ್ತಿದ್ದ, ಕಾಲು ಸುಡುತ್ತಿದ್ದ, ಎಲುಬು ಕಡಿಯುತ್ತಿದ್ದ, ಗಿರಾಕಿಗೆ ಯಕೃತ್ತು ಮೇಲೆ ಕಾಣುವಂತೆ ಚೀಲ ಕಟ್ಟುತ್ತಿದ್ದ. ಎಲ್ಲವನ್ನೂ ಚಂದ ಮಾಡುತ್ತಿದ್ದ. ಆದರೆ ನಸುಕಿನಲ್ಲಿ ಯುನೂಸ ಮರಿಯ ಗದ್ದ ಹಿಡಿದು ಮೇಲೆತ್ತಿದ ಕೂಡಲೇ ಅವನಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು. ಬಕೆಟ್ಟು ತುಂಬಿದ್ದರೂ ನೀರು ತರಲು ಹೋಗುತ್ತಿದ್ದ. ಜೀವ ಇಲ್ಲದ್ದರ ಮುಂದೆ ಅವನು ಶೂರ. ಜೀವ ಹೋಗುವ ಆ ಒಂದು ಗಳಿಗೆ ಮಾತ್ರ ಅವನಿಂದ ನೋಡಲಾಗುತ್ತಿರಲಿಲ್ಲ. ಯುನೂಸ ಅದನ್ನು ಕಂಡೂ ಕಾಣದಂತೆ ಇದ್ದ.

ಅಕ್ಕ ಫೋನು ಮಾಡಿ ಹುಡುಗ ಹೇಳಿದ್ದನ್ನು ತಿಳಿಸುವವರೆಗೆ.

ರವಿವಾರ ಬೆಳಿಗ್ಗೆ ಯುನೂಸ ತನ್ನ ಉದ್ದ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ಆಸಿಫನ ಕೈಗಿಟ್ಟ. "ರಮಜಾನದಿಂದ ನೀನಽ ಕೊಯ್ಯಾಕತ್ತಿಯಂತ. ನನ್ನ ಅಂಗಡ್ಯಾಗ ನಡದದ್ದು ನನಗಽ ಗೊತ್ತಿರಲಿಲ್ಲ ನೋಡು."

"ಮಾಮು, ಅದು..."

"ಹುನಗುಂದದಾಗ ಟಗರಿನ ಕಾಳಗಾ ಐತಿ. ಕಮಿಟಿಯವರು ಒಬ್ಬ ಕಟಗನ್ನ ಕಳಸ್ರಿ ಅಂದಾರ. ನನಗ ಮದುವಿ ಆರ್ಡರ್ ಐತಿ. ನೀ ಹೋಗು."

ಟಗರಿನ ಕಾಳಗದ ಕಣದ ಅಂಚಿಗೆ ಒಬ್ಬ ಕಟುಕ ನಿಂತಿರುವುದು ಈ ಕಡೆಯ ವಾಡಿಕೆ. ತಲೆಗೆ ತಲೆ ಬಡಿದಾಗ ಒಮ್ಮೊಮ್ಮೆ ಗೋಣು ಮುರಿಯುತ್ತದೆ. ಜೀವ ಹೋಗುವುದರೊಳಗೆ ದೇವರ ಹೆಸರು ಹೇಳಿ ಚೂರಿ ಆಡಿಸಿದರೆ ಅದು ಮಾಂಸ, ತಡವಾದರೆ ಹೆಣ. ಯಾರೂ ತಿನ್ನುವುದಿಲ್ಲ.

"ಭಾಳ ಮಾಡಿ ಏನೂ ಆಗೂದಿಲ್ಲ," ಎಂದ ಯುನೂಸ. "ಕಬ್ಬಿನ ಹಾಲು ಕುಡದು ಬರ್ತಿ. ಸಂಜಿಮುಂದ ನಾ ಗಾಡಿ ತಗೊಂಡ ಬರ್ತೇನಿ. ಆದ್ರ ಬಿದ್ದದ್ದನ್ನ ಕೊಯ್ಯಲಿಲ್ಲ ಅಂದ್ರ ಅಲ್ಲಿಂದ ಸೀದಾ ನಿಮ್ಮ ಮನಿಗೆ ಹೋಗು, ನನ್ನ ಅಂಗಡಿಗೆ ಬರಬ್ಯಾಡ. ಅಕ್ಕಗ ನಾ ಹೇಳ್ಕೋತೇನಿ."

ಹುನಗುಂದದ ಹೊರಗೆ, ಕಡಲೆ ಕಿತ್ತ ಎರೆ ಹೊಲದಲ್ಲಿ ಬಿದಿರಿನ ಗಳ ಕಟ್ಟಿ ಕಣ ಮಾಡಿದ್ದರು. ಆಸಿಫ ಹೋಗುವಷ್ಟರಲ್ಲಿ ಹಲಗೆಯ ಬಡಿತ ಎದೆಯೊಳಗೆ ಹೊಕ್ಕು ಕುಣಿಯುತ್ತಿತ್ತು. ಒಂದಾದ ಮೇಲೆ ಒಂದು ಜೋಡಿ ಬಂದವು. ದೂರ ಸರಿದು ನಿಂತು, ತಲೆ ಬಗ್ಗಿಸಿ, ಓಡಿ ಬಂದು ಬಡಿದುಕೊಳ್ಳುತ್ತಿದ್ದವು. ಬಡಿದಾಗ ಬರುತ್ತಿದ್ದ ಸದ್ದು ಕಲ್ಲುಗಣಿಯಲ್ಲಿ ಕೇಳುವಂಥದು. ಯಾವುದೂ ಬೀಳಲಿಲ್ಲ. ಸಾಕಾದದ್ದು ಹೊರಳಿ ಓಡುತ್ತಿತ್ತು, ಜನ ಕೇಕೆ ಹಾಕುತ್ತಿದ್ದರು. ಪ್ರತಿ ಟಗರು ಓಡಿದಾಗಲೂ ಆಸಿಫ ಮನಸ್ಸಿನಲ್ಲೇ ಅದಕ್ಕೆ ಶಾಬಾಸ್ ಅನ್ನುತ್ತಿದ್ದ. ಅವನ ದೃಷ್ಟಿಯಲ್ಲಿ ಇಡೀ ಹೊಲದಲ್ಲಿ ತಲೆ ಇದ್ದವು ಅವೇ.

ಕೊನೆಯ ಜೋಡಿಗೆ ಜನ ಗಳದ ಮೇಲೆ ಹತ್ತಿ ನಿಂತರು. ಒಂದು ಕಡೆ ಕುರಿ ಕಾಯುವ ಚಂದಪ್ಪನ ಭಂಡಾರಿ. ಬೀರಪ್ಪ ದೇವರ ಹೆಸರಿನಲ್ಲಿ ಸಾಕಿದ ಕರಿ ಟಗರು, ಹಣೆಯ ತುಂಬ ಅರಿಶಿನ. ಚಂದಪ್ಪ ಹೊರಸಿನ ಮೇಲೆ ಮಲಗಿದರೆ ಅದು ಹೊರಸಿನ ಕಾಲಿಗೆ ಒರಗಿ ಮಲಗುತ್ತಿತ್ತಂತೆ. ಇನ್ನೊಂದು ಕಡೆ ಬಾದಾಮಿಯ ವಿಜಯಮಹಾಂತೇಶನ ಬುಲ್ಡೋಜರ್ ಎಂಬ ಟಗರು. ಅವನಿಗೆ ಜೆಸಿಬಿ ಬಾಡಿಗೆಗೆ ಬಿಡುವ ಧಂದೆ. ಮನೆಯ ಹೊಸ್ತಿಲೊಳಗೆ ಮೊಟ್ಟೆಯ ವಾಸನೆಯೂ ಬರಕೂಡದು, ಆದರೆ ಹಿತ್ತಲಲ್ಲಿ ಟಗರಿಗೆ ದಿನಾ ಬುಟ್ಟಿ ಮೊಟ್ಟೆ ಒಡೆಯುತ್ತಿದ್ದ.

ಮೊದಲ ಬಡಿತಕ್ಕೇ ಭಂಡಾರಿಯ ಮೂಗಿನಿಂದ ರಕ್ತ ಚಿಮ್ಮಿ ಅರಿಶಿನದಲ್ಲಿ ಬೆರೆಯಿತು. ಎರಡನೆಯದಕ್ಕೆ ಬುಲ್ಡೋಜರನ ಕೊಂಬಿನ ಬುಡ ಬಿರಿಯಿತು. ಯಾವುದೂ ಹೊರಳಲಿಲ್ಲ. ಹಿಂದೆ ಸರಿಯುವುದು, ಓಡಿ ಬರುವುದು, ಬಡಿಯುವುದು. ಕಣದ ಧೂಳು ಕೆಂಪಗಾಯಿತು. ಮುಂದಿನ ಸಾಲಿನವರ ಅಂಗಿಯ ಮೇಲೆ ಹನಿ ಸಿಡಿದರೂ ಅವರು ಒರೆಸಿಕೊಳ್ಳದೆ ಕೂಗುತ್ತಿದ್ದರು. ಆಸಿಫ ಬಟ್ಟೆಯಲ್ಲಿ ಸುತ್ತಿದ ಚೂರಿಯನ್ನು ಎದೆಗೆ ಒತ್ತಿಕೊಂಡು, ಓಡಲೇ, ಯಾರರ ಓಡ್ರಲೇ, ಎಂದು ಬೇಡಿಕೊಳ್ಳುತ್ತಿದ್ದ.

ಕೊನೆಯ ಬಡಿತಕ್ಕೆ ಭಂಡಾರಿ ನಿಂತಲ್ಲಿಯೇ ನಿಂತಿತು. ಆಮೇಲೆ ನಾಲ್ಕೂ ಕಾಲು ಕೋಲಿನಂತೆ ಬಿಗಿದು ಮಗ್ಗುಲಾಗಿ ಬಿತ್ತು. ನಾಲಿಗೆ ಹೊರಗೆ ಬಂತು. ಹಲಗೆ ನಿಂತಿತು.

"ಸತ್ತೈತಿ! ಸತ್ತೈತಿ!"

ಚಂದಪ್ಪ ಗಳ ಜಿಗಿದು ಒಳಗೆ ಬಂದ. ಬಂದವನು ಅದರ ತಲೆ ಹಿಡಿಯಲಿಲ್ಲ. ಕಾಲ್ಮರಿ ಮೆಟ್ಟಿದ ಕಾಲಿನಿಂದ ಪಕ್ಕೆಗೆ ಒದ್ದ. "ಏಳಲೇ! ಇಷ್ಟು ಮಂದಿಯೊಳಗ ನನ್ನ ಮಾನಾ ಕಳದ್ಯಲ್ಲಲೇ!" ಮತ್ತೆ ಒದ್ದ. ಮುಖ ಉಬ್ಬಿ ಕಪ್ಪಾಗಿತ್ತು. "ಎಲ್ಲಿ ಅದಾನ ಆ ಕಟಗಾ? ಕೊಯ್ಯೋ! ಜೀವಾ ಹೋಗೂದ್ರಾಗ ಕೊಯ್ಯಿ! ಇದನ್ನ ಮನಿಗೆ ನಾ ಒಯ್ಯೂದಿಲ್ಲ!"

ಜನ ಆಸಿಫನನ್ನು ಒಳಗೆ ದೂಡಿದರು. ಭಂಡಾರಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. ಟಗರಿನ ಹೊಟ್ಟೆ ಏಳುತ್ತ ಇಳಿಯುತ್ತ ಇತ್ತು. ಕಣ್ಣು ತೆರೆದೇ ಇತ್ತು. ಯುನೂಸನಾಗಿದ್ದರೆ ಇಷ್ಟೊತ್ತಿಗೆ ಮುಗಿಸಿ ಕೈ ತೊಳೆಯುತ್ತಿದ್ದ. ಆಸಿಫನ ಕೈ ಚೂರಿಯ ಗಂಟು ಬಿಚ್ಚಲು ಒಪ್ಪಲಿಲ್ಲ. ಆಗ ಅವನಿಗೆ ಧರ್ಮ ನೆನಪಾಯಿತು. ಮದರಸಾದಲ್ಲಿ ಹೇಳಿಕೊಟ್ಟಾಗ ನಿದ್ದೆ ಮಾಡಿದವನಿಗೆ ಈಗ ಒಂದೊಂದು ನಿಯಮವೂ ಸ್ಪಷ್ಟವಾಗಿ ಕಣ್ಣಮುಂದೆ ಬಂತು.

"ಇದರ ಮುಖಾ ಪಶ್ಚಿಮಕ್ಕ ಆಗಬೇಕ್ರಿ," ಎಂದ.

ನಾಲ್ಕು ಜನ ಬೈಯುತ್ತ ಟಗರನ್ನು ತಿರುಗಿಸಿದರು.

"ಚೂರಿ ಮಸೀಬೇಕ್ರಿ. ಅದರ ಕಣ್ಣಮುಂದ ಮಸಿಯೂ ಹಂಗಿಲ್ಲ." ಎದ್ದು ಟ್ರ್ಯಾಕ್ಟರಿನ ಹಿಂದೆ ಹೋದ. ಕೂದಲು ಸೀಳುವಷ್ಟು ಹರಿತವಿದ್ದ ಚೂರಿಯನ್ನು ಕಲ್ಲಿಗೆ ತಿಕ್ಕಿದ, ತಿಕ್ಕಿದ, ತಿಕ್ಕಿದ. ದೇವರೇ, ನಾ ಬರೂದ್ರಾಗ ಸಾಯಲಿ ಎಂದು ಒಮ್ಮೆ, ಸಾಯದೆ ಇರಲಿ ಎಂದು ಇನ್ನೊಮ್ಮೆ ಬೇಡಿದ.

"ಏ, ಕೊಯ್ಯಾಕ ಬಂದಿಯೋ, ಅಂಗಡಿ ಇಡಾಕ ಬಂದಿಯೋ?"

"ಅದರದೊಂದು ಫೋಟೋನೂ ತಗಸೋ ಮಾರಾಯಾ, ಗ್ವಾಡಿಗೆ ಹಾಕೋಣು!"

ಆಸಿಫ ಬಂದ. ಉಳಿದದ್ದು ಒಂದೇ ನಿಯಮ. "ನೀರ್ ಕುಡಸಬೇಕ್ರಿ."

ನೀರು ಕುಡಿಸುವುದೆಂದರೆ ಬಾಯಿಗೆ ಒಂದು ಗುಟುಕು. ಅದು ಅವನಿಗೂ ಗೊತ್ತಿತ್ತು. ಆದರೆ ಗುಟುಕು ಎಷ್ಟು ಹೊತ್ತು ತಾನೇ ಹಿಡಿದೀತು? ಕುಡಿಯುವ ನೀರಿನ ಡ್ರಮ್ಮಿನಿಂದ ಒಂದು ಕೊಡ ಭರ್ತಿ ತಂದ. ಐಸ್ ಹಾಕಿದ ನೀರು. ಬಾಯಿಗೆ ಬಿಟ್ಟ, ಮೂಗಿಗೆ ಬಿಟ್ಟ, ನಡುಗುವ ಕೈಯಿಂದ ಕೊಡ ಜಾರಿ ಉಳಿದದ್ದೆಲ್ಲ ತಲೆಯ ಮೇಲೆ ಸುರಿದುಹೋಯಿತು.

ಭಂಡಾರಿ ಕಿವಿ ಝಾಡಿಸಿತು.

ಅದು ಸತ್ತಿರಲಿಲ್ಲ, ಸಾಯುತ್ತಲೂ ಇರಲಿಲ್ಲ. ತಲೆಗೆ ಕತ್ತಲೆ ಕವಿದಿತ್ತು ಅಷ್ಟೆ. ಕುತ್ತಿಗೆಯ ಹತ್ತಿರ ಬಾಗಿದ್ದ ಆಸಿಫನಿಗೆ ಹಿಂದೆ ಸರಿಯಲು ಹೊತ್ತು ಸಿಗಲಿಲ್ಲ. ಎದ್ದ ತಲೆ ಅವನ ಬಾಯಿಗೇ ಬಡಿಯಿತು. ಕಟ್ ಎಂದದ್ದು ಅವನಿಗೆ ಒಳಗಿನಿಂದ ಕೇಳಿಸಿತು. ಮಣ್ಣಿನ ಮೇಲೆ ಮುಂಗೈ ಊರಿ ಉಗುಳಿದಾಗ ರಕ್ತದ ಜೊತೆ ಎರಡು ಹಲ್ಲು ಬಿದ್ದವು.

ಭಂಡಾರಿ ನಾಲ್ಕು ಕಾಲಿನ ಮೇಲೆ ತೂರಾಡಿ ನಿಂತು ಎದುರಾಳಿಯನ್ನು ಹುಡುಕಿತು. ಕಣದ ಆ ತುದಿಯಲ್ಲಿ ಬುಲ್ಡೋಜರನಿಗೆ ಹೂವಿನ ಹಾರ ಬಿದ್ದಿತ್ತು. ವಿಜಯಮಹಾಂತೇಶ ಅದನ್ನು ಅಡ್ಡ ನಿಲ್ಲಿಸಿ, ಕೊಂಬು ಹಿಡಿದುಕೊಂಡು, ಮೊಬೈಲಿನ ಕಡೆ ನಗುತ್ತಿದ್ದ. ಇಡೀ ಮೈ ಫೋಟೋದಲ್ಲಿ ಬರಲಿ ಎಂದು ಅಡ್ಡ ನಿಲ್ಲಿಸಿದ್ದ.

"ಸಾವಕಾರ್ರ! ಹಿಡೀರಿ! ಬಂತ ಬಂತು!"

ಭಂಡಾರಿ ತಲೆ ಬಗ್ಗಿಸಿ ಓಡಿತು. ಈ ಸಲ ತಲೆಗೆ ತಲೆ ಸಿಗಲಿಲ್ಲ, ಪಕ್ಕೆ ಸಿಕ್ಕಿತು. ಒಣ ಕಟ್ಟಿಗೆಯ ಹೊರೆ ಮುರಿದ ಸದ್ದು. ಬುಲ್ಡೋಜರ್ ಮೇಲೆದ್ದು ಗಳಕ್ಕೆ ಬಡಿದು ಬಿತ್ತು, ಹಾರದ ಹೂವು ಚೆಲ್ಲಾಪಿಲ್ಲಿಯಾದವು. ಮುಂಗಾಲು ಊರಿ ಏಳಲು ನೋಡಿತು. ಸೊಂಟದಿಂದ ಹಿಂದೆ ಏನೂ ಅಲುಗಲಿಲ್ಲ. ಮೂಗಿನಿಂದ ಕೆಂಪು ನೊರೆ ಬಂತು.

ವಿಜಯಮಹಾಂತೇಶ ಒಂದು ಕ್ಷಣ ಅದನ್ನು ನೋಡಿದ. ಆಮೇಲೆ ಕಣದ ಗಳವೊಂದನ್ನು ಕಿತ್ತುಕೊಂಡು ಸೀದಾ ಆಸಿಫನ ಕಡೆ ಬಂದ.

"ನೀ ಎಬ್ಬಿಸಿದಿ! ಬಿದ್ದದ್ದನ್ನ ನೀರ್ ಹಾಕಿ ಎಬ್ಬಿಸಿದ್ಯಲ್ಲಲೇ! ಎಷ್ಟ್ ಕೊಟ್ಟಾರಲೇ ನಿನಗ?"

"ಯಾರೂ ಕೊಟ್ಟಿಲ್ರೀ. ನಾ ಹೆದರಿ..."

ಹಲ್ಲಿಲ್ಲದ ಬಾಯಿಯಿಂದ ಬಂದ ಮಾತು ಯಾರಿಗೂ ತಿಳಿಯಲಿಲ್ಲ. ಗಳ ಬಲ ಹೆಗಲಿಗೆ ಬಿತ್ತು. ಹೆಗಲ ಎಲುಬು ಮುರಿದದ್ದು ಆಸಿಫನಿಗೆ ತಕ್ಷಣ ಗೊತ್ತಾಯಿತು. ದಿನಾ ಎಲುಬು ಕಡಿಯುವವನಿಗೆ ಆ ಸದ್ದಿನ ಪರಿಚಯ ಇರುತ್ತದೆ. ಎರಡನೆಯ ಪೆಟ್ಟು ಬೆನ್ನಿಗೆ. ಮೂರನೆಯದನ್ನು ಚಂದಪ್ಪ ತನ್ನ ಕೋಲಿನಿಂದ ತಡೆದ.

"ಏ ಸಾವಕಾರಾ! ಹುಡಗನ್ನ ಯಾಕ ಬಡೀತಿ? ನಿನ್ನ ಟಗರು ಗೆದ್ದಿತ್ತಂದ್ರ ಬೆನ್ನ ತಿರುವಿ ಫೋಟೋ ತಗಸಾಕ ಯಾಕ ನಿಂತಿತ್ತು?"

ಅಷ್ಟು ಸಾಕಾಯಿತು. ಬಾದಾಮಿಯವರೂ ಹುನಗುಂದದವರೂ ಗಳ ಮುರಿದುಕೊಂಡು ಒಳಗೆ ನುಗ್ಗಿದರು. ಕುರ್ಚಿಗಳು ಹಾರಿದವು. ಹಲಗೆ ಬಡಿಯುವವನ ಹಲಗೆಯನ್ನು ಯಾರೋ ಕಸಿದು ಅವನ ತಲೆಗೇ ಹಾಕಿದಾಗ ಚರ್ಮ ಹರಿದು ಅದು ಕೊರಳಿಗಿಳಿಯಿತು. ಒಬ್ಬನ ಕಿವಿ ಹರಿಯಿತು. ಚಂದಪ್ಪನ ಹಣೆ ಒಡೆದು ರಕ್ತ ಅವನ ಬಿಳಿ ಮೀಸೆಯೊಳಗೆ ಇಳಿಯಿತು. ಬೆಲ್ಟು, ಕಲ್ಲು, ಕಾಲ್ಮರಿ, ಕೈಗೆ ಸಿಕ್ಕದ್ದು. ಈಚೆ ಪೆಟ್ಟು ತಿಂದವನು ಆಚೆ ಯಾರಿಗಾದರೂ ಕೊಟ್ಟೇ ಸಮಾಧಾನ ಮಾಡಿಕೊಳ್ಳುತ್ತಿದ್ದ. ಕಮಿಟಿಯವನೊಬ್ಬ ಮೈಕಿನಲ್ಲಿ, "ಶಾಂತರಾಗಿರ್ರಿ, ಎಲ್ಲಾರೂ ನಮ್ಮವರಽ ಅದೇವಿ," ಎಂದು ಕೂಗುತ್ತಿದ್ದ. ಯಾರೋ ಮೈಕಿನ ವೈರು ಹಿಡಿದು ಅವನನ್ನೂ ಎಳೆದುಕೊಂಡರು.

ಈ ಕಾಲುಗಳ ಕಾಡಿನ ಕೆಳಗೆ ಆಸಿಫ ಮಣ್ಣು ಕಚ್ಚಿ ಮಲಗಿದ್ದ. ಒಂದು ಮಾರು ದೂರದಲ್ಲಿ ಬುಲ್ಡೋಜರ್ ಬಿದ್ದಿತ್ತು. ನೆಲದ ಮೇಲೆ ಇದ್ದವರು ಅವರಿಬ್ಬರೇ. ಅದು ಇನ್ನೂ ಮುಂಗಾಲು ಊರುತ್ತಿತ್ತು, ಕುಸಿಯುತ್ತಿತ್ತು, ಊರುತ್ತಿತ್ತು. ಪ್ರತಿ ಸಲ ಉಸಿರು ಎಳೆದಾಗ ಒಳಗೆ ಎಲುಬಿನ ತುಂಡುಗಳು ತಿಕ್ಕಾಡಿ ಗಂಟಲಿನಿಂದ ಗರಗಸದಂಥ ದನಿ ಬರುತ್ತಿತ್ತು. ಅದರ ಕಣ್ಣು ಆಸಿಫನ ಕಣ್ಣಿನ ಮಟ್ಟಕ್ಕೇ ಇತ್ತು.

ಅವನಿಗೆ ಈಗ ಯಾವ ನಿಯಮವೂ ಬೇಕಾಗಿರಲಿಲ್ಲ. ಚೂರಿ ಅಲ್ಲಿಯೇ ಧೂಳಿನಲ್ಲಿತ್ತು. ಬಲಗೈ ಏಳಲಿಲ್ಲ. ಎಡಗೈಯಲ್ಲಿ ಹಿಡಿದುಕೊಂಡು ತೆವಳಿದ. ಯಾರೋ ಅವನ ಕಾಲು ತುಳಿದರು. ತೆವಳಿದ.

"ಮುಟ್ಟಬ್ಯಾಡ ಅದನ್ನ!" ವಿಜಯಮಹಾಂತೇಶ ಗುಂಪಿನಿಂದ ಬಿಡಿಸಿಕೊಂಡು ಓಡಿ ಬಂದ. ತೊಟ್ಟಿದ್ದ ಬಿಳಿ ಅಂಗಿ ಎರಡು ಸೀಳಾಗಿತ್ತು. "ದನದ ದವಾಖಾನಿಗೆ ಒಯ್ತೇನಿ! ನಮ್ಮ ಮನ್ಯಾಗ ತಿನ್ನಾವ್ರಿಲ್ಲ!"

"ತಿನ್ನಾಕಲ್ರೀ," ಎಂದ ಆಸಿಫ. ಈ ಸಲ ಅವನ ಮಾತು ತಿಳಿಯಿತು.

ಚಂದಪ್ಪನೂ ಬಂದಿದ್ದ. ಹಣೆಗೆ ತಲೆಯ ಪಟಗ ಒತ್ತಿಕೊಂಡೇ ಕುಳಿತು, ಬುಲ್ಡೋಜರನ ಪಕ್ಕೆಯ ಮೇಲೆ ಅಂಗೈ ಇಟ್ಟ. ಇಟ್ಟ ಕಡೆ ಅಂಗೈ ಒಳಗಿಳಿಯಿತು. "ಒಳಗ ಎಲ್ಲಾ ಪುಡಿಯಾಗೇತ್ರಿ ಸಾವಕಾರ್ರ. ದವಾಖಾನಿ ಮುಟ್ಟೂದಿಲ್ಲ. ಬಿಡ್ರಿ ಅದನ್ನ."

ಆಗತಾನೆ ಒಬ್ಬರ ತಲೆ ಒಬ್ಬರು ಒಡೆದುಕೊಂಡಿದ್ದವರು ಮುಖ ಮುಖ ನೋಡಿಕೊಂಡರು. ವಿಜಯಮಹಾಂತೇಶ ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಟಗರಿನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡ. ಕಿಸೆಯಲ್ಲಿದ್ದ ಬಾಟಲಿಯಿಂದ ತಾನೇ ಅದರ ಬಾಯಿಗೆ ನೀರು ಬಿಟ್ಟ. ಅದು ನೆಕ್ಕಿತು.

"ಲಗೂ ಮಾಡು," ಎಂದ ಆಸಿಫನಿಗೆ. "ಲಗೂ ಮಾಡೋ ತಮ್ಮಾ."

ಚಂದಪ್ಪ ಮುಂಗಾಲು ಹಿಡಿದ. ಆಸಿಫ ಎಡಗೈಯಿಂದ ಉಣ್ಣೆ ಸರಿಸಿ ಜಾಗ ಹುಡುಕಿದ. ಉಣ್ಣೆಯ ಕೆಳಗೆ ನಾಡಿ ಓಡುತ್ತಿತ್ತು. ದೇವರ ಹೆಸರು ಹೇಳಿದ. ಎಳೆದ. ಬಿಸಿಯಾದದ್ದು ಮೊಳಕೈಯವರೆಗೆ ಚಿಮ್ಮಿತು, ವಿಜಯಮಹಾಂತೇಶನ ತೊಡೆ ತೊಯ್ಯಿತು. ಕಾಲುಗಳು ಚಂದಪ್ಪನ ಕೈಯಲ್ಲಿ ಜೋರಾಗಿ ಝಾಡಿಸಿ, ಮೆತ್ತಗಾಗಿ, ನಿಂತವು. ಗರಗಸದ ದನಿಯೂ ನಿಂತಿತು. ಆಸಿಫ ಕಣ್ಣು ತೆಗೆಯದೆ ಪೂರ್ತಿ ನೋಡಿದ. ಆಮೇಲೆ ಆಚೆ ಹೊರಳಿ ಬೆಳಗಿನಿಂದ ಕುಡಿದ ಕಬ್ಬಿನ ಹಾಲನ್ನೆಲ್ಲ ಕಾರಿಕೊಂಡ.

ಯುನೂಸ ಗಾಡಿ ತಂದಾಗ ಜನ ಚದುರಿದ್ದರು. ಚಂದಪ್ಪ ಭಂಡಾರಿಯ ಹಗ್ಗ ಹಿಡಿದು ಹೊಲ ದಾಟುತ್ತಿದ್ದ. ಮನೆಗೆ ಒಯ್ಯುವುದಿಲ್ಲ ಎಂದದ್ದು ಅವನಿಗೂ ನೆನಪಿರಲಿಲ್ಲ, ಯಾರೂ ನೆನಪಿಸಲಿಲ್ಲ. ಮಾಂಸ ಪಾಲು ಮಾಡೋಣವೇ ಎಂದು ಕೇಳಲು ಬಂದ ಕಮಿಟಿಯವನ ಕಪಾಳಕ್ಕೆ ವಿಜಯಮಹಾಂತೇಶ ಹೊಡೆದು ಕಳಿಸಿದ್ದ. ಜೆಸಿಬಿ ತರಿಸಿದ್ದ, ಹೊಲದ ಬದುವಿನಲ್ಲಿ ಒಂದು ಟಗರಿಗೆ ಬೇಕಾದದ್ದಕ್ಕಿಂತ ಬಹಳ ದೊಡ್ಡ ತಗ್ಗು ತೋಡಿಸುತ್ತಿದ್ದ.

ಯುನೂಸ ಬಗ್ಗಿ ಟಗರಿನ ಕುತ್ತಿಗೆಯ ಗಾಯವನ್ನು ಎರಡು ಬೆರಳಿನಿಂದ ಅಗಲಿಸಿ ನೋಡಿದ. ಆಸಿಫನನ್ನು ಎತ್ತಿ ಗಾಡಿಯಲ್ಲಿ ಕೂರಿಸಿ ಇಳಕಲ್ಲಿನ ದವಾಖಾನೆಯ ಕಡೆ ಹೊರಟ. ದಾರಿಯಲ್ಲಿ ಫೋನು ಬಂತು. ಸ್ಪೀಕರಿನಲ್ಲಿ ಹಜರತಬಿ.

"ಯುನೂಸಾ, ಹುನಗುಂದದಾಗ ಏನೋ ಬಡದಾಟ ಆಗೇತಂತ, ಮೊಬೈಲಿನ್ಯಾಗ ಬಂದೈತಿ. ನರ್ಗೀಸ ಉಣವಲ್ಲಳು. ಆ ಹುಡಗ ಜೀವಂತ ಅದಾನೇನು?"

"ಅದಾನ."

"ಓಡಿ ಬಂದನೇನು?"

"ಇಲ್ಲಕ್ಕಾ. ನಿಂತಾನ." ಯುನೂಸ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಕೊಯ್ದಾನ. ಒಂದಽ ಎಳತ. ನಾ ಕೊಯ್ದಿದ್ರೂ ಅಷ್ಟ ಸ್ವಚ್ಛ ಬರ್ತಿರಲಿಲ್ಲ."

ಆ ಕಡೆ ಕೇಳುತ್ತಿದ್ದ ರಾಟೆಯ ಸದ್ದು ನಿಂತಿತು.

"ಹೊಸಾ ಗಾಯ ಏನರ?"

"ಹೆಗಲ ಮುರದೈತಿ. ಮುಂದಿನ ಹಲ್ಲು ಎರಡು ಇಲ್ಲ."

"ಯಾ ಅಲ್ಲಾ! ನಿಕಾಹದ ದಿನಾ ನಗಬ್ಯಾಡ ಅಂತ ಹೇಳು ಅವಗ," ಎಂದಳು ಹಜರತಬಿ. ಫೋನು ಇಟ್ಟಳು.

ಆಸಿಫ ನಗಲು ಹೋದ. ಬಾಯಿ ತುಂಬ ರಕ್ತ ಬಂತು. ಕಿಟಕಿಯಿಂದ ಹೊರಗೆ ಉಗುಳಿದ.

"ನಾಳಿ ಅಂಗಡ್ಯಾಗ ನಾಕ್ ಮರಿ ಅದಾವ," ಎಂದ ಯುನೂಸ, ಗೇರು ಬದಲಿಸುತ್ತ. "ಚರ್ಮ, ಎಲುಬು ಬ್ಯಾರೆಯವರು ನೋಡ್ಕೋತಾರ. ಕುತಗಿ ನೀನಽ ನೋಡು. ಎಡಗೈ ಐತೆಲ್ಲ?"

ಆಸಿಫ ತೊಡೆಯ ಮೇಲಿದ್ದ ಎಡಗೈ ನೋಡಿಕೊಂಡ. ರಕ್ತ ಉಗುರಿನ ಸಂದಿಯಲ್ಲಿ ಒಣಗುತ್ತಿತ್ತು. ಕೈ ಮಾತ್ರ ನಡುಗುತ್ತಿರಲಿಲ್ಲ. ಇಡೀ ದಿನದಲ್ಲಿ ಅವನಿಗೆ ಖರೆ ಖರೆ ಹೆದರಿಕೆಯಾದದ್ದು ಆಗ.

"ಎಷ್ಟಕ್ಕ ಬರ್ಲಿ ಮಾಮು?" ಎಂದು ಕೇಳಿದ.